ಬ್ರಿನಾಲ್ದಿಯವರ ಅಪಾರ ಬಂಧು ಬಳಗ

ಇಪ್ಪತ್ತೆರಡು ವರ್ಷ ನಾನು ಒಂದೇ ಸುಳ್ಳನ್ನು ವಾರಕ್ಕೆ ಆರು ದಿನ ಬರೆದಿದ್ದೇನೆ. ಬೆಂಗಳೂರಿನ ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದಾಗ ನಿಧನವಾರ್ತೆಗಳು ನನ್ನ ಪಾಲಿಗೆ ಬರುತ್ತಿದ್ದವು. ಮೃತರ ವಯಸ್ಸನ್ನು ಎರಡು ಕಡೆ ಕೇಳಿ ಖಚಿತಪಡಿಸಿಕೊಳ್ಳುತ್ತಿದ್ದೆ. ಹೆಸರಿನ ಮುಂದಿನ ಇನಿಷಿಯಲ್ ತಪ್ಪಾಗದಂತೆ ಮನೆಯವರಿಗೆ ಫೋನು ಮಾಡಿ ಅವರ ಅಳುವಿನ ನಡುವೆಯೇ ಕೇಳುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ಮಾತ್ರ ಕೈ ತಾನೇ ಓಡುತ್ತಿತ್ತು: ‘ಮೃತರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ಆ ಬಳಗ ಅಪಾರವೋ ಅಲ್ಪವೋ, ಅಸಲಿಗೆ ಇದೆಯೋ ಇಲ್ಲವೋ ಎಂದು ಯಾರನ್ನೂ ಕೇಳಿದವನಲ್ಲ. ಒಮ್ಮೆ ಮೆಜೆಸ್ಟಿಕ್ಕಿನ ವಸತಿಗೃಹದಲ್ಲಿ ಒಂಟಿಯಾಗಿ ತೀರಿಕೊಂಡ ನಿವೃತ್ತ ಮೇಷ್ಟರೊಬ್ಬರ ದೇಹವನ್ನು ಒಯ್ಯಲು ಯಾರೂ ಬರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಅವರೂ ಅಪಾರ ಬಂಧು ಬಳಗವನ್ನು ಅಗಲಿದರು. ತಪ್ಪಾಗಿದೆ ಎಂದು ಸಂಪಾದಕರಿಗೆ ಒಂದು ಪತ್ರವೂ ಬರಲಿಲ್ಲ. ಬಂಧುಗಳಿದ್ದಿದ್ದರೆ ಬರೆಯುತ್ತಿದ್ದರೋ ಏನೋ.

ಈ ಸುಳ್ಳು ಸಿಕ್ಕಿಬಿದ್ದದ್ದು ಅಮೆರಿಕದ ರೆಡ್ಮಂಡಿನಲ್ಲಿ. ಹಿಡಿದವರು ಪಕ್ಕದ ಮನೆಯ ಲೂಯಿ ಬ್ರಿನಾಲ್ದಿ. ಹೆಂಡತಿ ಉಷಾಳಿಗೆ ಇಲ್ಲಿ ಕೆಲಸ ಸಿಕ್ಕಿ, ನಾನು ಡೆಸ್ಕು ಬಿಟ್ಟು ಅವಳ ಹಿಂದೆ ಬಂದಾಗ, ಬೇಲಿಯ ಆಚೆಯಿಂದ ನಮ್ಮನ್ನು ಮೊದಲು ಮಾತಾಡಿಸಿದವರು ಅವರೇ. ವಿಮಾನ ತಯಾರಿಸುವ ಕಾರ್ಖಾನೆಯಲ್ಲಿ ಜೀವಮಾನವಿಡೀ ಲೋಹ ಕೊರೆದು ನಿವೃತ್ತರಾಗಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಹೆಂಡತಿ ಇರಲಿಲ್ಲ. ಟಕೋಮಾದಲ್ಲಿರುವ ಮಗಳು ಕ್ಯಾರಲ್ ಭಾನುವಾರ ಬಂದು ಹೋಗುತ್ತಿದ್ದಳು.

ಇಲ್ಲಿ ಬಂದ ಮೇಲೂ ನನ್ನ ಕೈ ಸುಮ್ಮನಿರಲಿಲ್ಲ. ನಮ್ಮ ಬಡಾವಣೆಯ ಸಮುದಾಯ ಕೇಂದ್ರ ಹೊರತರುವ ನಾಲ್ಕು ಪುಟದ ಪತ್ರಿಕೆಗೆ ತೀರಿಕೊಂಡವರ ಬಗ್ಗೆ ಬರೆದುಕೊಡುವ ಕೆಲಸ ಹಚ್ಚಿಕೊಂಡೆ. ಅದನ್ನು ಕೇಳಿದ ಲೂಯಿ ಒಂದು ದಿನ ಬೇಲಿಗೆ ಒರಗಿ ನಿಂತು, “ನಂದೂ ಬರೆದಿಡು. ಬದುಕಿದ್ದಾಗಲೇ ತಪ್ಪು ತಿದ್ದಿ ಕೊಡ್ತೀನಿ” ಎಂದರು.

ಅದು ನನಗೆ ವಿಚಿತ್ರ ಎನಿಸಲಿಲ್ಲ. ದೊಡ್ಡವರ ನಿಧನವಾರ್ತೆಯನ್ನು ಮುಂಚೆಯೇ ಬರೆದಿಡುವುದು ಪತ್ರಿಕೆಗಳ ಹಳೆಯ ಪದ್ಧತಿ. ನಮ್ಮ ಡೆಸ್ಕಿನಲ್ಲೂ ಅದಕ್ಕೊಂದು ಡ್ರಾಯರ್ ಇತ್ತು. ಒಬ್ಬ ಹಿರಿಯ ರಾಜಕಾರಣಿಯ ಕಾಯಿಲೆ ಪ್ರತಿ ಸಲ ಉಲ್ಬಣಿಸಿದಾಗಲೂ ಅವರ ಫೈಲು ಹೊರಬರುತ್ತಿತ್ತು, ಹೊಸ ಸಾಲು ಸೇರಿಸಿಕೊಂಡು ಒಳಗೆ ಹೋಗುತ್ತಿತ್ತು. ಅದನ್ನು ಸರದಿಯ ಮೇಲೆ ತಿದ್ದಿದ ಮೂವರಲ್ಲಿ ಇಬ್ಬರು ಅವರಿಗಿಂತ ಮೊದಲೇ ಹೋದರು. ಮೂರನೆಯವನು ನಾನು.

ಮನೆಯಲ್ಲಿ ಉಷಾ ಒಪ್ಪಲಿಲ್ಲ. “ಬದುಕಿರೋರ ಸಾವಿನ ಸುದ್ದಿ ಬರೀತಾ ಕೂತಿದೀರಲ್ಲ, ಅವರ ಮಗಳಿಗೆ ಗೊತ್ತಾದ್ರೆ ಏನಂದ್ಕೋತಾಳ್ರೀ?”

“ಅವರೇ ಕೇಳಿದ್ದು.”

“ಕೇಳ್ತಾರೆ. ಮಾಡ್ಕೊಡೋರಿಗೆ ಬುದ್ಧಿ ಬೇಕು.”

ಬರೆದುಕೊಟ್ಟೆ. ಲೂಯಿ ಕನ್ನಡಕ ಏರಿಸಿಕೊಂಡು ಓದಿದರು. ಅವರ ಅಪ್ಪ ಇಲ್ಲೇ ಹತ್ತಿರದ ರೇನಿಯರ್ ಕಣಿವೆಯಲ್ಲಿ ತರಕಾರಿ ಬೆಳೆದು ಮಾರುತ್ತಿದ್ದದ್ದು, ಕಾರ್ಖಾನೆ, ಮದುವೆ, ಎಲ್ಲ ಸರಿ ಇತ್ತು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದರೂ ನನ್ನ ಕೈ ಹಳೆಯ ಚಾಳಿ ಬಿಟ್ಟಿರಲಿಲ್ಲ. ಲೂಯಿಯವರು ಮಗಳು, ಇಬ್ಬರು ಮೊಮ್ಮಕ್ಕಳು ಹಾಗೂ ಲೆಕ್ಕವಿಲ್ಲದಷ್ಟು ಬಂಧುಗಳನ್ನು ಅಗಲಿದ್ದರು.

“ಇವರು ಯಾರು?” ಎಂದರು.

“ಅದು ನಮ್ಮ ಕಡೆ ಬರೆಯುವ ರೀತಿ.”

“ಇಲ್ಲ, ನೀನು ಪತ್ರಿಕೆಯವನು. ಬರೆದಿದ್ದೀಯ ಅಂದರೆ ಎಲ್ಲೋ ಇರಬೇಕು. ನಾನು ಇಷ್ಟು ವರ್ಷದಲ್ಲಿ ನಮ್ಮ ಮನೆಯ ಹೊರಗೆ ಒಬ್ಬ ಬ್ರಿನಾಲ್ದಿಯನ್ನೂ ನೋಡಿಲ್ಲ. ನಮ್ಮಣ್ಣನಿಗೆ ಮಕ್ಕಳಾಗಲಿಲ್ಲ. ಕ್ಯಾರಲ್ ಗಂಡನ ಹೆಸರು ಹಾಕಿಕೊಂಡಳು. ನಾನು ಹೋದರೆ ಮುಗೀತು. ಹೋಸಾ, ಇನ್ನೊಬ್ಬರು ಇದ್ದರೆ ಹುಡುಕಿಕೊಡು. ಅದೊಂದು ಗೊತ್ತಾಗಬೇಕು ನನಗೆ.”

ತಮಾಷೆಯ ದನಿಯಲ್ಲಿ ಶುರುವಾದ ಮಾತು ಹಾಗೆ ಮುಗಿಯಲಿಲ್ಲ. ನಾನು ಗಮನಿಸಿದೆ, ಅವರು ಕಾಗದವನ್ನು ವಾಪಸು ಕೊಡಲಿಲ್ಲ.

ಹೋಸಾ ಎಂದರೆ ನಾನು. ಪೂರ್ತಿ ಹೊಸಹಳ್ಳಿ. ಇದು ನನ್ನ ಮನೆತನದ ಹೆಸರಲ್ಲ, ನಮ್ಮಲ್ಲಿ ಹಾಗೊಂದು ಇಲ್ಲ. ಹಳೆ ಮೈಸೂರಿನ ಕಡೆಯ ನಮಗೆ ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ನಾವು. ಅಮೆರಿಕದ ಅರ್ಜಿ ಫಾರಂ ಕಡೆಯ ಹೆಸರು ಎಲ್ಲಿ ಎಂದು ಕೇಳಿದಾಗ ಮೊದಲಕ್ಷರವನ್ನೇ ಬಿಡಿಸಿ ಕೊನೆಗೆ ಅಂಟಿಸಿದೆವು. ಉಷಾ ತನ್ನ ಅಪ್ಪನ ಹೆಸರು ಅಂಟಿಸಿಕೊಂಡಳು. ಮಗಳಿಗೆ ಅಪ್ಪನ ಹೆಸರೆಂದು ನನ್ನ ಸ್ವಂತ ಹೆಸರು ಅಂಟಿತು. ಒಂದು ಮನೆ, ಮೂರು ಕಡೆಯ ಹೆಸರು. ಅಂಚೆಯವನು ಬಹಳ ಕಾಲ ನಮ್ಮನ್ನು ಕೋಣೆ ಹಂಚಿಕೊಂಡ ಬಾಡಿಗೆದಾರರು ಎಂದುಕೊಂಡಿದ್ದ. ಪಕ್ಕದೂರು ಬೆಲ್ವ್ಯೂನ ದಂತವೈದ್ಯರಲ್ಲಿ ಒಮ್ಮೆ ಹೊಸಹಳ್ಳಿ ಎಂದು ಕರೆದಾಗ ಇಬ್ಬರು ಎದ್ದು ನಿಂತೆವು. ಅವರು ತುಮಕೂರಿನ ಕಡೆಯ ಹೊಸಹಳ್ಳಿ, ನಾನು ಮಂಡ್ಯದ ಕಡೆಯ ಹೊಸಹಳ್ಳಿ. ಕರ್ನಾಟಕದಲ್ಲಿ ಯಾವ ಬಸ್ಸು ಹತ್ತಿದರೂ ಒಂದು ಹೊಸಹಳ್ಳಿ ಸಿಗುತ್ತದೆ. ನಗುತ್ತಾ ನಂಬರು ಬರೆದುಕೊಂಡೆವು, ಫೋನು ಮಾಡಲಿಲ್ಲ.

ಡೆಸ್ಕಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಧಾರವಾಡದ ಉಳ್ಳಾಗಡ್ಡಿಯವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಅವರ ಕಡೆ ಬಡಿಗೇರ, ಹೂಗಾರ, ಮೆಣಸಿನಕಾಯಿ ಎಂದು ಪ್ರತಿ ಮನೆತನಕ್ಕೂ ಹೆಸರುಂಟು. “ನಿಮಗ ಮನಿ ಹೆಸರಽ ಇಲ್ಲಲ್ರೀ, ನಿಮ್ಮನ್ನ ಯಾರು ಹೆಂಗ ಹುಡಕಬೇಕು?” ಎನ್ನುತ್ತಿದ್ದರು. ಲೂಯಿಯವರ ಮೂಲದ ಇಟಲಿಯವರೂ ಇದೇ ಜಾತಿ. ಅಲ್ಲಿ ಕಮ್ಮಾರ, ಬೆಟ್ಟ, ಕೆಂಪು ಕೂದಲು, ಎಲ್ಲದರಿಂದಲೂ ಹೆಸರು ಹುಟ್ಟಿದೆ. ಉಳ್ಳಾಗಡ್ಡಿಯವರನ್ನು ಅಲ್ಲಿ ಇಳಿಸಿದ್ದರೆ ಒಂದು ವಾರದಲ್ಲಿ ಊರಿನವರಾಗಿಬಿಡುತ್ತಿದ್ದರು.

ಬ್ರಿನಾಲ್ದಿ ಎಲ್ಲಿಂದ ಬಂತು ಎಂಬುದಕ್ಕೆ ಲೂಯಿಯವರ ಹತ್ತಿರ ಸಿದ್ಧ ಉತ್ತರವಿತ್ತು. ಇಟಲಿಯ ಉತ್ತರದ ಬೆಟ್ಟವೊಂದರ ಮೇಲೆ ಕೋಟೆ, ಕೋಟೆಯಲ್ಲಿ ಪಾಳೆಯಗಾರ, ಅವನ ಆಸ್ತಿಯನ್ನು ದಾಯಾದಿಗಳು ನುಂಗಿದ್ದು. ಮನೆಯ ನಡುಹಾದಿಯ ಗೋಡೆಯಲ್ಲಿ ಹದ್ದು, ಕತ್ತಿ ಇರುವ ವಂಶಲಾಂಛನವೊಂದು ಚೌಕಟ್ಟಿನಲ್ಲಿತ್ತು. ಅವರ ಅಪ್ಪ ಅದನ್ನು ಅಂಚೆಯ ಮೂಲಕ ತರಿಸಿದ್ದರು. ಯಾವ ಹೆಸರು ಕಳಿಸಿದರೂ ಹದ್ದು ಕತ್ತಿ ಕೂಡಿಸಿ ಕಳಿಸುವ ಅಂಗಡಿಗಳಿವೆ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಹೆಸರುಗಳು ಎಲ್ಲೆಲ್ಲಿ ಹರಡಿವೆ ಎಂದು ತೋರಿಸುವ ಇಟಲಿಯ ನಕ್ಷೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಸಾಮಾನ್ಯ ಹೆಸರು ಹಾಕಿದರೆ ದೇಶಕ್ಕೆ ದಡಾರ ಎದ್ದಂತೆ ಚುಕ್ಕೆಗಳು. ಬ್ರಿನಾಲ್ದಿ ಹಾಕಿದಾಗ ನಕ್ಷೆ ಖಾಲಿ ಬಂತು. ಕನ್ನಡಕ ಒರೆಸಿ ಮತ್ತೆ ನೋಡಿದಾಗ ಮೇಲ್ಗಡೆ, ಬೆಟ್ಟಗಳ ಬುಡದಲ್ಲಿ, ಒಂದೇ ಒಂದು ಚುಕ್ಕೆ ಕಂಡಿತು. ಆ ಊರಿನ ಹಳೆಯ ದಾಖಲೆಗಳ ಕಚೇರಿಗೆ ಪತ್ರ ಬರೆದೆ. ಮೂರು ವಾರದ ಮೇಲೆ ಒಂದು ದಾಖಲೆಪುಸ್ತಕದ ಪುಟದ ಚಿತ್ರ ಬಂತು. ಯಂತ್ರದಿಂದ ಅನುವಾದ ಮಾಡಿಸಿದೆ. ಅನುಮಾನ ಉಳಿಯಬಾರದೆಂದು ಇಟಾಲಿಯನ್ ಬಲ್ಲ ಗ್ರಂಥಪಾಲಕಿಯೊಬ್ಬರಿಂದಲೂ ಓದಿಸಿದೆ. ಎರಡೂ ಒಂದೇ ಹೇಳಿದವು.

ಅದು ಅನಾಥ ಶಿಶುಗಳ ಆಶ್ರಮದ ಪುಸ್ತಕ. ಹಿಂದೆ ಇಟಲಿಯ ಇಂಥ ಆಶ್ರಮಗಳ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆ ಇರುತ್ತಿತ್ತು. ಸಾಕಲಾರದವರು ಹೊರಗಿನಿಂದ ಕೂಸನ್ನು ಇಟ್ಟು, ಪೆಟ್ಟಿಗೆಯನ್ನು ತಿರುಗಿಸಿ, ಗಂಟೆ ಹೊಡೆದು ಹೋಗುತ್ತಿದ್ದರು. ಒಳಗಿನವರಿಗೆ ಮುಖ ಕಾಣುತ್ತಿರಲಿಲ್ಲ. ಕೂಸಿಗೆ ಹೆಸರಿಡುವುದು ಗುಮಾಸ್ತನ ಕೆಲಸ. ಬ್ರಿನಾ ಎಂದರೆ ನೆಲದ ಮೇಲೆ ಹೆಪ್ಪುಗಟ್ಟಿದ ಇಬ್ಬನಿ. ಗುಮಾಸ್ತ ಕಿಟಕಿಯಾಚೆ ನೋಡಿದ್ದಾನೆ, ಬರೆದಿದ್ದಾನೆ. ಅದೇ ಬೆಳಿಗ್ಗೆ ಎರಡು ತಾಸಿನ ಅಂತರದಲ್ಲಿ ಎರಡು ಗಂಡುಕೂಸುಗಳು ಬಂದಿದ್ದವು. ಒಂದು ಉಣ್ಣೆಯ ಬಟ್ಟೆಯಲ್ಲಿ, ಕೊರಳಿಗೆ ಅರ್ಧ ಕತ್ತರಿಸಿದ ಪದಕ ಕಟ್ಟಿಕೊಂಡು. ಉಳಿದರ್ಧ ಹೆತ್ತವರ ಬಳಿ ಇರುತ್ತದೆ, ಎಂದಾದರೂ ಬಂದು ಹೊಂದಿಸಿ ತೋರಿಸಿ ಕರೆದೊಯ್ಯಬಹುದು ಎಂಬ ಏರ್ಪಾಡು. ಇನ್ನೊಂದು ಗೋಣಿಯಲ್ಲಿ, ಜೊತೆಗೆ ಏನೂ ಇಲ್ಲದೆ. ಗುಮಾಸ್ತನಿಗೆ ಎರಡನೆಯ ಹೆಸರು ಹೊಳೆಯಲಿಲ್ಲವೋ ಬೇಸರವೋ, ಇಬ್ಬರಿಗೂ ಬ್ರಿನಾಲ್ದಿ ಎಂದೇ ಬರೆದ. ಕಚೇರಿಯವರು ಜೊತೆಗೆ ಬರೆದಿದ್ದ ವಿವರದಂತೆ, ಗೋಣಿಯ ಕೂಸು ಒಬ್ಬ ಬಡಗಿಯ ಮನೆಯಲ್ಲಿ ಬೆಳೆದು, ಮದುವೆಯಾಗಿ, ಅದರ ಮೊಮ್ಮಗ ಹಡಗು ಹತ್ತಿದ. ಆ ಮೊಮ್ಮಗನೇ ಲೂಯಿಯವರ ಅಪ್ಪ.

“ಇದನ್ನ ಹೇಳ್ಬೇಡಿ” ಎಂದಳು ಉಷಾ. “ಎಂಬತ್ತು ವರ್ಷ ಕೋಟೆ ಇದೆ ಅಂತ ನಂಬ್ಕೊಂಡಿದಾರೆ. ಈಗ ಗೋಣಿಚೀಲ ತಗೊಂಡ್ಹೋಗಿ ಕೊಡ್ತೀರಾ?”

ಮಗಳು ಫೋನಿನಿಂದ ತಲೆ ಎತ್ತದೆ, “ಬಟ್ ಹೀ ಆಸ್ಕ್ಡ್, ಅಮ್ಮಾ” ಎಂದಳು.

ಕೇಳಿದ್ದಾರೆ, ಹೇಳಬೇಕು. ನನಗೆ ಗೊತ್ತಿದ್ದ ನಿಯಮ ಅದೊಂದೇ. ಬೇಲಿ ದಾಟಿ ಹೋಗಿ ಪುಟವನ್ನು ಅವರ ಅಡುಗೆಮನೆಯ ಮೇಜಿನ ಮೇಲಿಟ್ಟು, ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಓದಿದೆ. ಲೂಯಿ ಕೇಳಿದ್ದು ಒಂದೇ ಪ್ರಶ್ನೆ. “ನಮ್ಮದಕ್ಕೆ ಪದಕ ಇರಲಿಲ್ಲವಾ?”

“ಇರಲಿಲ್ಲ.”

“ಅಂದರೆ ವಾಪಸು ಬರುವ ಯೋಚನೆಯೇ ಇರಲಿಲ್ಲ ಅವರಿಗೆ.”

ಪುಟವನ್ನು ಮೇಜಿನ ಮೇಲೇ ಬಿಟ್ಟು ಮನೆಗೆ ಬಂದೆ. ಆಮೇಲೆ ಹತ್ತು ದಿನ ಅವರು ಬೇಲಿಯ ಬಳಿ ಬರಲಿಲ್ಲ. ಒಮ್ಮೆ ಅವರು ಕಸದ ಡಬ್ಬಿ ಹೊರಗಿಡಲು ಬಾಗಿಲು ತೆರೆದಾಗ ಒಳಗಿನ ಗೋಡೆ ಕಂಡಿತು. ಹದ್ದು ಇಳಿದುಹೋಗಿತ್ತು. ಅದಿದ್ದ ಜಾಗದಲ್ಲಿ ಬಣ್ಣ ಮಾಸದ ಚೌಕ ಮಾತ್ರ ಉಳಿದಿತ್ತು. ಸರಿಯಾದ ಸುದ್ದಿ ಬರೆದ ಮೇಲೂ ಪತ್ರಕರ್ತನಿಗೆ ನಿದ್ದೆ ಬರಬೇಕೆಂದೇನಿಲ್ಲ.

ಆ ನಡುವೆ ನಾನು ನಕ್ಷೆಯ ಚುಕ್ಕೆಗೂ ಒಂದು ಪತ್ರ ಹಾಕಿದ್ದೆ. ಉತ್ತರ ಬಂತು. ಸಿಲ್ವಾನಾ ಬ್ರಿನಾಲ್ದಿ, ನಿವೃತ್ತ ಶಾಲಾ ಶಿಕ್ಷಕಿ, ಅವಿವಾಹಿತೆ. ಅವರು ಉಣ್ಣೆಯ ಕೂಸಿನ ಕಡೆಯವರು. ಬರೆದದ್ದು ಇಷ್ಟು: ‘ನಾವು ಸಂಬಂಧಿಕರಲ್ಲ ಎಂಬುದು ನನಗೆ ಮೊದಲಿನಿಂದ ಗೊತ್ತು. ಅರ್ಧ ಪದಕಕ್ಕೆ ಉಳಿದರ್ಧ ಹಿಡಿದು ಯಾರೂ ಬರಲಿಲ್ಲ. ನಮ್ಮಜ್ಜ ಹೇಳುತ್ತಿದ್ದರು, ಅದೇ ಬೆಳಿಗ್ಗೆ ಚಳಿಯಲ್ಲಿ ನಡುಗಿದ ಇನ್ನೊಂದು ಕೂಸಿತ್ತು, ಅದರವರು ಸಮುದ್ರ ದಾಟಿದರು ಎಂದು. ನಾನು ಆಗಾಗ ಅವರ ಬಗ್ಗೆ ಯೋಚಿಸುತ್ತೇನೆ. ನನ್ನ ನಂತರ ಇಲ್ಲಿ ಯಾರೂ ಇಲ್ಲ. ಅವರಿಗೆ ಹೇಳಿ.’

ಇದನ್ನೂ ಹಾಗೆಯೇ ಓದಿ ಹೇಳಿದೆ. ಲೂಯಿ ಪತ್ರವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. “ಯೋಚಿಸುತ್ತೇನೆ ಅಂತ ಬರೆದಿದ್ದಾಳಾ? ಸರಿಯಾಗಿ ನೋಡಿದೆಯಾ?”

“ಎರಡು ಕಡೆ ಕೇಳಿದೆ.”

ಒಂದು ವಾರದ ಮೇಲೆ ನನ್ನ ಹಳೆಯ ಕರಡು ವಾಪಸು ಬಂತು. ಕೊನೆಯ ಸಾಲನ್ನು ಪೆನ್ಸಿಲಿನಲ್ಲಿ ತಿದ್ದಿದ್ದರು. ಲೆಕ್ಕವಿಲ್ಲದಷ್ಟು ಬಂಧುಗಳನ್ನು ಹೊಡೆದುಹಾಕಿ, ಬರೆದಿದ್ದರು: ‘ಮಗಳು, ಇಬ್ಬರು ಮೊಮ್ಮಕ್ಕಳು, ಮತ್ತು ಇಟಲಿಯ ಸಿಲ್ವಾನಾ ಬ್ರಿನಾಲ್ದಿ, ಸಂಬಂಧಿಕರಲ್ಲ.’

ಚಳಿಗಾಲದಲ್ಲಿ ಲೂಯಿ ತೀರಿಕೊಂಡರು. ಅಂದು ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಇಲ್ಲಿ ದಿನವೂ ಸುರಿಯುವ ಜಿನುಗು ಮಳೆಯೇ ಸುರಿಯುತ್ತಿತ್ತು. ಕ್ಯಾರಲ್ ಕರಡನ್ನು ಓದಿ ಆ ಸಾಲನ್ನು ತೆಗೆಯಿರಿ ಎಂದಳು. “ಓದಿದವರು ನಗ್ತಾರೆ. ಸಂಬಂಧಿಕರಲ್ಲದವರನ್ನು ಯಾರು ಅಗಲುತ್ತಾರೆ?”

“ಇಡೀ ಬರಹದಲ್ಲಿ ಎರಡು ಮೂಲಗಳಿಂದ ಖಚಿತವಾದ ಸಾಲು ಇದೊಂದೇ” ಎಂದೆ. ಅವಳು ಅಪ್ಪನ ಪೆನ್ಸಿಲ್ ಗುರುತನ್ನು ಹೆಬ್ಬೆರಳಿನಿಂದ ಸವರಿ, ಕಾಗದವನ್ನು ನನಗೆ ಕೊಟ್ಟಳು. ಸಾಲು ಅಚ್ಚಾಯಿತು. ಒಂದು ಪ್ರತಿಯನ್ನು ಇಟಲಿಗೆ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಅವರಾದರೂ ಇದ್ದಾರೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯವಿಲ್ಲ.

ಮೊನ್ನೆ ನನ್ನದನ್ನೂ ಬರೆದಿಡೋಣ ಎಂದು ಕೂತೆ. ವಯಸ್ಸು, ಊರು, ಡೆಸ್ಕು, ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ನನ್ನ ಜೀವನ ಇಷ್ಟು ಬೇಗ ಟೈಪಾಗುತ್ತದೆ ಎಂದು ತಿಳಿದಿರಲಿಲ್ಲ. ಕೊನೆಯಲ್ಲಿ ಕೈ ತಾನೇ ಓಡಿ ಅಪಾರ ಬಂಧು ಬಳಗ ಎಂದಿತು. ಅಳಿಸಿದೆ. ಉಷಾ, ಮಗಳು ಎಂದು ಬರೆದ ಮೇಲೆ ಸಾಲು ಕುಂಟಿ ನಿಂತಿತು. ಬಹಳ ಹೊತ್ತಿನ ನಂತರ ದಂತವೈದ್ಯರಲ್ಲಿ ಬರೆದುಕೊಂಡ ನಂಬರು ಹುಡುಕಿ ಫೋನು ಮಾಡಿದೆ.

“ಸಾರ್, ನಾನು ಹೊಸಹಳ್ಳಿ. ಮಂಡ್ಯದ್ದು.”

“ಓ, ಹಲ್ಲಿನ ಡಾಕ್ಟ್ರ ಹತ್ರ... ಏನ್ ಸಾರ್ ಇಷ್ಟು ವರ್ಷ ಆದ್ಮೇಲೆ? ಹುಷಾರಾಗಿದೀರ ತಾನೆ?”

“ಹುಷಾರಾಗಿದೀನಿ. ಸುಮ್ನೆ ಮಾಡ್ದೆ. ಶನಿವಾರ ಊಟಕ್ಕೆ ಬರ್ತೀರಾ ಅಂತ.”

ಬರುತ್ತೇನೆ ಎಂದಿದ್ದಾರೆ. ಸಂಬಂಧಿಕರಲ್ಲ ಎಂಬುದು ಬಹುತೇಕ ಖಚಿತ. ಆದರೂ ಒಂದೇ ಮೂಲವನ್ನು ನೆಚ್ಚಿ ಬರೆಯುವ ಅಭ್ಯಾಸ ನನಗಿಲ್ಲವಾದ್ದರಿಂದ, ಅವರ ಹೆಂಡತಿಯನ್ನೂ ಕರೆತರಲು ಹೇಳಿದ್ದೇನೆ.