ಬ್ಯಾರನ್ನಿನಲ್ಲಿ ಬೆಂದ ಗಿಟಾರು

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಗಿಟಾರು ಬೇಯಿಸಿದ್ದನ್ನು ಕಣ್ಣಾರೆ ಕಂಡವರು ಮೂವರೇ. ಅವರಲ್ಲಿ ನಾನೊಬ್ಬ. ಉಳಿದಿಬ್ಬರು ನನ್ನ ಸೋದರತ್ತೆ ಮತ್ತು ಅವಳ ಮಗ. ಅವನು ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ವರಸೆಯಲ್ಲಿ ಭಾವ. ಭಾವನನ್ನು ರೇಗಿಸುವುದು ನಮ್ಮ ಕಡೆ ತಪ್ಪಲ್ಲ. ರೇಗಿಸದೆ ಸುಮ್ಮನಿದ್ದರೆ ಇಬ್ಬರಿಗೂ ಏನೋ ಮನಸ್ತಾಪ ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ.

ಭಾವನ ಶೆಡ್ಡು ಇರುವುದು ಬಿಳಿಕೆರೆಯಲ್ಲಿ, ರಸ್ತೆಯ ಮಗ್ಗುಲಿಗೆ. ಒಡೆದ ಬಂಪರಿಗೆ ಫೈಬರ್ ಹಚ್ಚುವುದು, ನೀರಿನ ಟ್ಯಾಂಕಿನ ತೂತು ಮುಚ್ಚುವುದು ಅವನ ಕಸುಬು. ಅಂಥವನಿಗೆ ಕಾರ್ಬನ್ ಫೈಬರಿನ ಗಿಟಾರು ಮಾಡುವ ಹುಚ್ಚು ಹತ್ತಿತು. ಮರ ಬೇಡ, ಇದಾದರೆ ಮಳೆಗಾಲಕ್ಕೆ ಉಬ್ಬುವುದಿಲ್ಲ, ಬೇಸಿಗೆಗೆ ಸೀಳುವುದಿಲ್ಲ ಎಂದು ನೆಂಟರ ಮನೆಗಳಿಗೆಲ್ಲ ಹೇಳಿಕೊಂಡು ಬಂದ. ನುಡಿಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಬರುವುದಿಲ್ಲ.

ಕೆಲಸ ಮಾತ್ರ ಬಲು ನೇಮದ್ದು. ಗಿಟಾರಿನ ಆಕಾರದ ಅಚ್ಚಿಗೆ, ಹಸುಗೂಸಿಗೆ ಎಣ್ಣೆ ತಿಕ್ಕಿದ ಹಾಗೆ, ಮೇಣ ತಿಕ್ಕುತ್ತಾನೆ. ಮೇಲೆ ಕಾರ್ಬನ್ನಿನ ಕರಿ ಬಟ್ಟೆ ಹಾಸುತ್ತಾನೆ. ಒಂದು ಪದರದ ಎಳೆ ನೆಟ್ಟಗಿದ್ದರೆ ಮುಂದಿನದರ ಎಳೆ ಓರೆ. ಹಾಗಿಲ್ಲದಿದ್ದರೆ ತಂತಿಯ ಬಿಗಿಗೆ ಮೈ ಸೊಟ್ಟಗಾಗುತ್ತದಂತೆ. ಅಂಟಿನಂಥ ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಬೆರೆಸಿ ಬಟ್ಟೆಗೆ ಕುಡಿಸಿ, ಅಚ್ಚನ್ನು ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ, ಪಂಪು ಹಾಕಿ ಗಾಳಿ ಹೀರಿಸಿದರೆ ಚೀಲವೇ ಬಟ್ಟೆಯನ್ನು ಅಚ್ಚಿಗೆ ಒತ್ತಿ ಹಿಡಿಯುತ್ತದೆ. ಮಾರನೆಯ ದಿನ ಬಿಡಿಸಿದರೆ ಕರೀ ಚಿಪ್ಪು. ಹೊಟ್ಟೆ ಕತ್ತು ಸೇರಿ ಒಂದು ಚಿಪ್ಪು, ಮುಖ ಇನ್ನೊಂದು. ಎರಡನ್ನೂ ಅಂಟಿಸಿ, ನೀರು ಹಾಕಿ ಉಜ್ಜಿ ನುಣುಪು ಮಾಡಿದರೆ ಮುಕ್ಕಾಲು ಗಿಟಾರು.

ಮೊದಲನೆಯದನ್ನು ಹುಣಸೂರಿನ ಸಂಗೀತದ ಮೇಷ್ಟ್ರೊಬ್ಬರು ಹೊತ್ತುಕೊಂಡು ಹೋದರು. ವಾರದೊಳಗೆ ವಾಪಸು ತಂದರು. ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ದಿನ ಇಟ್ಟಿದ್ದಕ್ಕೆ ಗಿಟಾರಿನ ಮುಖ ಚಪಾತಿಯ ಹಾಗೆ ಉಬ್ಬಿತ್ತು. ಮೇಷ್ಟ್ರು ಒಳ್ಳೆಯವರು, ಇನ್ನೊಂದು ಮಾಡಿ ಕೊಡಿ, ನೋಡೋಣ ಎಂದರು. ಭಾವನ ಹತ್ತಿರ ಉಳಿದಿದ್ದ ಕರಿ ಬಟ್ಟೆ ಒಂದೇ ಒಂದು ಗಿಟಾರಿಗೆ ಸಾಕಾಗುವಷ್ಟು. ಅದೂ ಉಬ್ಬಿದರೆ ಅಚ್ಚು ಒಡೆದು ಬಂಪರಿಗೇ ಕೂರುತ್ತೇನೆಂದ. ನಗುತ್ತಲೇ ಅಂದ, ಆದರೆ ಅವತ್ತು ಅವನನ್ನು ರೇಗಿಸಲು ನನಗೆ ಬಾಯಿ ಬರಲಿಲ್ಲ.

ತಪ್ಪು ಅವನದೇ. ನೆರಳಲ್ಲಿ ಗಟ್ಟಿಯಾದ ರೆಸಿನ್ನು ಅರೆಬೆಂದ ಮುದ್ದೆ ಇದ್ದ ಹಾಗೆ. ಆಮೇಲೆ ಎಪ್ಪತ್ತು ಡಿಗ್ರಿ ಕಾವು ಕೊಡಬೇಕು ಎಂದು ಡಬ್ಬದ ಜೊತೆ ಬಂದ ಕಾಗದದಲ್ಲೇ ಇತ್ತು. ಅಷ್ಟು ದೊಡ್ಡ ಒಲೆ ಎಲ್ಲಿಂದ ತರುವುದು ಎಂದು ಅವನು ತಲೆ ಕೆರೆದುಕೊಳ್ಳುತ್ತಿದ್ದಾಗ, ರಾವಂದೂರಿನಲ್ಲಿ ಅವನ ಅವ್ವನ ಬ್ಯಾರನ್ನು ಖಾಲಿ ನಿಂತಿರುವುದನ್ನು ನೆನಪಿಸಿದವನು ನಾನು. ಸೊಪ್ಪಿನ ಕಾಲ ಮುಗಿದಿತ್ತು. ಮಾವ ಹೋದ ಮೇಲೆ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುತ್ತಿದ್ದವಳು ಅತ್ತೆಯೇ.

ಉಳಿದ ಬಟ್ಟೆಯಲ್ಲಿ ಎರಡನೆಯದನ್ನು ಮಾಡಿಕೊಂಡು ರಾವಂದೂರಿಗೆ ಹೋದೆವು. ಎಪ್ಪತ್ತು ಡಿಗ್ರಿ ಎಂದಾಗ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಎಪ್ಪತ್ತಕ್ಕೆ ನಮ್ಮ ಕೋಳಿನೂ ಕಾವು ಅನ್ನಕ್ಕಿಲ್ಲ ಕಣ್ಲಾ."

ಬ್ಯಾರನ್ನಿನ ಥರ್ಮಾಮೀಟರಿನ ಲೆಕ್ಕ ಫ್ಯಾರನ್‌ಹೀಟು, ಕಾಗದದ ಲೆಕ್ಕ ಸೆಲ್ಸಿಯಸ್ಸು. ಭಾವ ಮೊಬೈಲಿನಲ್ಲಿ ಒತ್ತಿ ನೋಡಿ, ನಿನ್ನ ಲೆಕ್ಕದಲ್ಲಿ ನೂರೈವತ್ತೆಂಟು ಎಂದ. ಅತ್ತೆಯ ನಗು ನಿಂತಿತು. ಅದು ಎಲೆಯ ದಂಟು ಒಣಗಿಸುವ ಕಾವು, ಕೊನೆಗೆ ಕೊಡುವುದು. ಶುರುವಿಗೇ ಅಷ್ಟು ಕೊಟ್ಟರೆ ಯಾವ ಮೈಯಾದರೂ ಕೆಡುತ್ತದೆ, ಹಂತ ಹಂತವಾಗಿ ಏರಿಸಬೇಕು ಎಂದಳು. ಭಾವ ಕಾಗದವನ್ನು ತಿರುಗಿಸಿ ನೋಡಿದ. ಹಿಂಬದಿಯಲ್ಲಿ ಅದನ್ನೇ ಬರೆದಿತ್ತು. ಅವನು ಅದನ್ನು ಜೋರಾಗಿ ಓದಲಿಲ್ಲ, ನಾನು ಓದಿದೆ.

ಬೆಳಗ್ಗೆ ಒಲೆ ಹೊತ್ತಿತು. ಸೊಪ್ಪು ಕಟ್ಟುವ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ ಅದರ ಮೇಲೆ ತಂತಿಯಿಲ್ಲದ ಗಿಟಾರನ್ನು ಮಲಗಿಸಿದೆವು. ಅತ್ತೆ ಒಂದೊಂದೇ ಸೌದೆ ಕೊಡುತ್ತ, ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರು ನೋಡುತ್ತ, ಮಧ್ಯಾಹ್ನದ ಹೊತ್ತಿಗೆ ಕಾವನ್ನು ಹೇಳಿದಲ್ಲಿಗೆ ತಂದು ನಿಲ್ಲಿಸಿದಳು. ಬೆಂದ ಸೊಪ್ಪಿನ ಹಾಗೆ ಇದು ಇನ್ನೂ ಹಳದಿಗೆ ತಿರುಗಲಿಲ್ಲವಲ್ಲ ಎಂಬುದೊಂದೇ ಅವಳ ಕೊರಗು. ಸೊಪ್ಪು ಕಪ್ಪಾದರೆ ಯಾವ ವ್ಯಾಪಾರಿಯೂ ಮೂಸುವುದಿಲ್ಲ. ಭಾವ ಕಿಂಡಿಗೂ ಕಾಗದಕ್ಕೂ ಓಡಾಡುತ್ತಿದ್ದ, ಹೆರಿಗೆ ವಾರ್ಡಿನ ಹೊರಗಿನ ಗಂಡನ ಹಾಗೆ. ಊಟಕ್ಕೆ ಕರೆದರೂ ಬರಲಿಲ್ಲ.

ಸಂಜೆ ಬೆಂಕಿ ಆರಿಸಿದ ಮೇಲೆ, ಗಿಟಾರು ತಾನಾಗಿ ತಣ್ಣಗಾಗಲಿ, ಬಾಗಿಲು ಮುಟ್ಟಬೇಡ ಎಂದು ಭಾವ ಅವ್ವನಿಗೆ ಹೇಳಿ ನನ್ನ ಜೊತೆ ಟೀ ಕುಡಿಯಲು ಬಂದ. ವಾಪಸು ಬಂದಾಗ ಬ್ಯಾರನ್ನಿನ ಹೊಸ್ತಿಲ ಕೆಳಗಿಂದ ನೀರು ಹರಿದು ಬರುತ್ತಿತ್ತು. ಪಕ್ಕದಲ್ಲಿ ಖಾಲಿ ಬಿಂದಿಗೆ. ಬೆಂದ ಸೊಪ್ಪು ಹಪ್ಪಳದಂತಿರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೇ ನೆಲಕ್ಕೆ ನೀರು ಹೊಯ್ದು ಬಾಗಿಲು ಮುಚ್ಚಿ ಹದಕ್ಕೆ ತರುತ್ತಾರೆ. ಅತ್ತೆಗೆ ಅಷ್ಟು ವರ್ಷದ ಅಭ್ಯಾಸ.

"ಯಾಕವ್ವ ನೀರು ಉಯ್ದೆ?" ಭಾವ ಖಾಲಿ ಬಿಂದಿಗೆಯನ್ನು ಎತ್ತಿ ಹಿಡಿದ.

"ಉಯ್ಯದೆ ಇದ್ರೆ ಪುಡಿಯಾಗಕಿಲ್ವೇನ್ಲಾ? ಬೇಯ್ಸದೊಂದೇ ಅಲ್ಲ, ಹದ ಮಾಡ್ಬೇಕು."

ಬಾಗಿಲು ತೆಗೆದರೆ ಹಬೆ. ಗಿಟಾರು ಮಿಂದೆದ್ದ ಎಮ್ಮೆಯಂತೆ ಮಿಂಚುತ್ತಿತ್ತು. ಭಾವ ಅಂಗಿಯಲ್ಲೇ ಒರೆಸಿ, ಸ್ಟೀಲ್ ಪಟ್ಟಿಯನ್ನು ಅದರ ಮುಖದ ಮೇಲೆ ಅಡ್ಡ ಇಟ್ಟ, ಉದ್ದ ಇಟ್ಟ, ಓರೆ ಇಟ್ಟ. ಪಟ್ಟಿಯ ಅಡಿಯಲ್ಲಿ ಎಲ್ಲೂ ಬೆಳಕು ನುಸುಳಲಿಲ್ಲ. ಮರದ್ದಾಗಿದ್ದರೆ ಅವತ್ತೇ ಅದರ ತಿಥಿ. ಕಾರ್ಬನ್ನಿಗೆ ನೀರು ಲೆಕ್ಕಕ್ಕಿಲ್ಲ. ಅಷ್ಟು ದಿನ ಊರಿಗೆಲ್ಲ ಸಾರಿದ್ದ ಮಾತನ್ನು ಅವನೇ ನಂಬಿದ್ದು ಆಗ.

ತಂತಿ ಬಿಗಿದು ಮೇಷ್ಟ್ರಿಗೆ ಕೊಟ್ಟ. ಅವರೂ ಬಿಡಲಿಲ್ಲ, ಕೆ.ಆರ್. ನಗರದ ಮದುವೆಯೊಂದಕ್ಕೆ ಹೋದಾಗ ಬೇಕೆಂದೇ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದರು. ಇಳಿಹೊತ್ತಿಗೆ ಫೋನು ಬಂತು. ಒಂದು ಕೂದಲೆಳೆಯಷ್ಟೂ ಉಬ್ಬಿಲ್ಲ, ಗಿಟಾರು ತಮಗೇ ಇರಲಿ, ತಮ್ಮ ಶಿಷ್ಯನೊಬ್ಬನಿಗೂ ಒಂದು ಬೇಕು ಎಂದರು.

ಭಾವ ನೇರ ರಾವಂದೂರಿಗೆ ಹೋದ. ನಾನೂ ಬೆನ್ನಿಗಿದ್ದೆ. ಅಂಗಳದಲ್ಲಿ ಹುರುಳಿ ಕೇರುತ್ತಿದ್ದ ಅತ್ತೆಗೆ ಎಲ್ಲ ಹೇಳಿ, ದೊಡ್ಡ ಮನಸ್ಸು ಮಾಡಿದವನಂತೆ ಅಂದ:

"ಮುಂದ್ಲುದ್ಕೆ ಕಾವು ಪೂರ್ತಿ ನೀನೇ ನೋಡ್ಕೊ ಅವ್ವ. ನಾನು ಪಕ್ಕದಲ್ಲಿ ನಿಂತ್ಕತೀನಿ."

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ.

"ಮೊದ್ಲೂ ನೀನು ಅಲ್ಲೇ ನಿಂತಿದ್ದೆ ಕಣ್ಲಾ. ಈ ಸತಿ ಉಂಡು ನಿಂತ್ಕೊ."