ಕಾರವಾರದ ನೀರು, ಯಲಹಂಕದ ಸಂಬಂಧ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ವಿಷಯ ಸಸ್ಯಪ್ಲವಕಗಳು. ಅಂದರೆ ಸಮುದ್ರದ ಮೇಲ್ಪದರದಲ್ಲಿ ತೇಲಿಕೊಂಡಿರುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು. ನಮ್ಮ ಮನೆ ಇದ್ದದ್ದು ಗಂಗಾನಗರದಲ್ಲಿ. ಅಲ್ಲಿಂದ ಸಮುದ್ರಕ್ಕೆ ಒಂದಿಡೀ ರಾತ್ರಿಯ ಬಸ್ ಪ್ರಯಾಣ. ವಿಷಯ ಆರಿಸಿಕೊಟ್ಟ ನಮ್ಮ ಗೈಡ್ ಅದನ್ನೊಂದು ಅಡಚಣೆಯೆಂದು ಪರಿಗಣಿಸಿರಲಿಲ್ಲ.

ಒಂದು ಭಾನುವಾರ ಕಾರವಾರದಿಂದ ಜಾಡಿಯಲ್ಲಿ ಸಮುದ್ರದ ನೀರು ಹಿಡಿದು ತಂದೆ. ಕಾಲೇಜು ಮುಚ್ಚಿತ್ತು. ಜಾಡಿಯನ್ನು ಮನೆಯ ಪಡಸಾಲೆಯಲ್ಲೇ ಇಟ್ಟೆ. ಕೆಡದಿರಲೆಂದು ಫಾರ್ಮಲಿನ್ ಬೆರೆಸಿದ್ದರಿಂದ ಮುಚ್ಚಳ ಬಿಗಿದಿದ್ದರೂ ಮೂಗಿಗೆ ಘಾಟು ಹೊಡೆಯುತ್ತಿತ್ತು. ಅದೇ ಸಂಜೆ ಯಲಹಂಕದಿಂದ ಒಂದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು.

ಹುಡುಗನ ತಂದೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಕೇಳಿದರು: "ಏನಮ್ಮ ಓದ್ತಿರೋದು?"

ಹೇಳಿದೆ.

"ಅದರಿಂದ ಏನು ಉಪಯೋಗ?"

"ಸಮುದ್ರದಲ್ಲಿ ಎಲ್ಲಾದಕ್ಕೂ ಅದೇ ಊಟ. ಸಣ್ಣ ಹುಳಗಳು ಅದನ್ನ ತಿನ್ನುತ್ವೆ, ಹುಳಗಳನ್ನ ಮೀನು ತಿನ್ನುತ್ತೆ."

"ನಮ್ಮಲ್ಲಿ ಮೀನು ತಿನ್ನಲ್ಲ."

"ನಮ್ಮಲ್ಲೂ ತಿನ್ನಲ್ಲ," ಎಂದರು ಅಪ್ಪ, ಗಾಬರಿಯಿಂದ.

ಮಾತು ಸರಿಪಡಿಸಲು ನಾನು ಮುಂದುವರಿಸಿದೆ. "ನಾವು ಉಸಿರಾಡೋ ಆಮ್ಲಜನಕದಲ್ಲೂ ದೊಡ್ಡ ಪಾಲು ಇವುಗಳಿಂದಾನೇ ಬರೋದು."

ಅವರು ಸ್ವಲ್ಪ ಯೋಚಿಸಿದರು. "ಯಲಹಂಕದಲ್ಲಿ ಗಾಳಿಗೇನೂ ತೊಂದರೆ ಇಲ್ಲಮ್ಮ," ಎಂದರು. ಆಮೇಲೆ ಮೂಗೆಳೆದು, ಏನಿದು ವಾಸನೆ ಎಂದು ಕೇಳಿದರು. ಅಪ್ಪ ಜಾಡಿ ತೋರಿಸಿದರು. ಉಪ್ಪಿಟ್ಟು ಅಲ್ಲಿಗೇ ನಿಂತಿತು. ಹುಡುಗನ ತಾಯಿ ಮಾತ್ರ ಎದ್ದು ಹೋಗಿ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕಾಣದೆ, ನನ್ನ ಕಾಲೇಜು ಯಾವುದೆಂದು ಕೇಳಿಕೊಂಡರು.

ಎರಡು ದಿನ ಕಳೆದ ಮೇಲೆ ಆಕೆ ಒಬ್ಬರೇ ಬಸ್ ಹಿಡಿದು ನಮ್ಮ ಲ್ಯಾಬಿಗೆ ಬಂದರು. ಛತ್ರಿಯನ್ನು ಬಾಗಿಲ ಹಿಂದೆ ನಿಲ್ಲಿಸಿ, "ತೋರಿಸಮ್ಮ," ಎಂದರು.

ಮೈಕ್ರೋಸ್ಕೋಪಿನಲ್ಲಿ ಯಾವ ಕಣ್ಣು ಮುಚ್ಚಬೇಕೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಲುಗಾಡದೆ ಕೂತರು.

"ಗಾಜಿನ ಬಳೆ ಒಡೆದು ಹಾಕ್ದಂಗಿದೆ."

"ಹೌದು, ಅದರ ಚಿಪ್ಪು ಗಾಜಿನ ಥರದ್ದೇ."

"ಬೇರಿಲ್ವಾ?"

"ಇಲ್ಲ. ಬಿಸಿಲು ಬೀಳೋ ಕಡೆ ತೇಲ್ಕೊಂಡಿರುತ್ತೆ. ತುಂಬ ಕೆಳಕ್ಕೆ ಮುಳುಗಿದ್ರೆ ಬೆಳಕಿಲ್ದೆ ಸಾಯುತ್ತೆ."

"ಪಾಪ," ಎಂದು ಮತ್ತೆ ಬಗ್ಗಿದರು. ನೋಡುತ್ತಲೇ ಕೇಳಿದರು: "ರಾಮೇಶ್ವರದಲ್ಲಿ ಸ್ನಾನ ಮಾಡ್ಬೇಕಾದ್ರೆ ಒಂದು ಗುಟುಕು ನೀರು ಕುಡಿದುಬಿಟ್ಟಿದ್ದೆ. ಅದರಲ್ಲೂ ಇತ್ತಾ?"

"ಸಾವಿರಾರು."

"ಸಸ್ಯ ತಾನೆ?"

"ಸಸ್ಯವೇ ಅಮ್ಮ," ಎಂದು ಸ್ಲೈಡನ್ನು ಒಂದಿಷ್ಟು ಆಚೆ ಸರಿಸಿದೆ. ಅದರ ಅಂಚಿನಲ್ಲಿ, ಅವರ ಕಣ್ಣಿಗೆ ಬೀಳುವಷ್ಟು ಹತ್ತಿರ, ಸಿಗಡಿಯ ಜಾತಿಯದೊಂದು ಸಣ್ಣ ಪ್ರಾಣಿ, ಉದ್ದ ಮೀಸೆ ಚಾಚಿಕೊಂಡು ಸತ್ತು ಬಿದ್ದಿತ್ತು.

ನೋಡಿ ತೃಪ್ತಿಯಾದ ಮೇಲೆ ಛತ್ರಿ ತೆಗೆದುಕೊಂಡರು. "ನಮ್ಮೆಜಮಾನರು ಈ ಸಂಬಂಧ ಬೇಡ ಅಂತ ಆಗ್ಲೇ ತೀರ್ಮಾನ ಮಾಡಿದ್ದಾರೆ. ವಿಷಯ ನಿಮ್ಮನೆಗೆ ಮುಟ್ಟಿದ ಮೇಲೆ ನಾನು ಬರೋದು ಚೆನ್ನಾಗಿರಲ್ಲ. ಅದಕ್ಕೇ ಈಗ್ಲೇ ಬಂದೆ."

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಬಸ್ಸು ಬರುವವರೆಗೂ ಆಕೆ ಮೀನಿನ ವಿಷಯ ಕೇಳುತ್ತಿದ್ದರು, ತಿಮಿಂಗಿಲಕ್ಕೆ ಅಷ್ಟು ಸಣ್ಣದು ಸಾಕಾಗುತ್ತದೆಯೇ ಎಂದೂ ಕೇಳಿದರು.

ಮುಂದಿನ ವಾರ ಗಂಡಿನ ಕಡೆಯವರು ಜಾತಕ ಕೂಡಿಬರಲಿಲ್ಲವೆಂದು ಹೇಳಿಕಳಿಸಿದರು. ಜಾತಕ ಮೊದಲೇ ನೋಡಿಯಾಗಿತ್ತಲ್ಲ ಎಂದು ಅಪ್ಪ ದಿನವಿಡೀ ಗೊಣಗಿದರು. ನನಗೂ ಬೇಸರವಾಯಿತು, ಆದರೆ ಅದು ಹುಡುಗನಿಗಾಗಿ ಅಲ್ಲ. ಅವನು ಅಂದು ಪೂರ್ತಿ ಉಪ್ಪಿಟ್ಟು ತಿಂದನೋ ಇಲ್ಲವೋ, ಅದೂ ನನಗೆ ನೆನಪಿಲ್ಲ.