ಆಂಜನಮ್ಮನ ಎರಡು ತರಕಾರಿ

ಬೆಳಗಿನ ಐದೂಮುಕ್ಕಾಲು. ಸರ್ವಜ್ಞನಗರದ ಪಾರ್ಕಿನ ಕಟ್ಟೆ ಗುಡಿಸಿ, ಚಾಪೆ ಹಾಸಿ, ಯಶೋದಮ್ಮ ಹತ್ತು ತರಕಾರಿಗಳ ಹೆಸರು ಹೇಳುತ್ತಾರೆ. ಎದುರಿಗೆ ಮೂವತ್ತೊಂದು ಮಂದಿ ಹಿರಿಯರು. ಮುಕ್ಕಾಲು ಗಂಟೆ ಆಸನ, ಪ್ರಾಣಾಯಾಮ. ಆಮೇಲೆ ಒಬ್ಬೊಬ್ಬರೂ ಬಂದು ನೆನಪಿದ್ದಷ್ಟನ್ನು ಅವರ ಕಿವಿಯಲ್ಲಿ ಹೇಳಬೇಕು. "ಜೋರಾಗಿ ಹೇಳಿದ್ರೆ ಪಕ್ಕದೋರು ಕಾಪಿ ಹೊಡೀತಾರೆ ಕಣ್ರೀ." ಎಷ್ಟು ಸರಿ ಎಂಬುದು ನೋಟ್‌ಬುಕ್ಕಿಗೆ ಹೋಗುತ್ತದೆ. ನಾಲ್ಕು ವರ್ಷದಿಂದ ಹೀಗೇ.

ಅರವತ್ತನಾಲ್ಕರ ಈಕೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಹುಯ್ದವರು. ಸೊಂಟನೋವಿಗೆಂದು ಅಲ್ಲೇ ಯೋಗ ಕಲಿತವರು. "ಯೋಗ ಮಾಡಿದ್ರೆ ಮರೆವು ಹೋಗುತ್ತೆ ಅಂತಾರಲ್ಲ, ನೋಡೇಬಿಡೋಣ ಅಂತ ಬರ್ಕೊಂಡೆ."

ಮೊದಲ ವರ್ಷ ಎಲ್ಲರ ಅಂಕವೂ ಏರಿತು. ಆಮೇಲೆ ರಸೆಲ್ ಮಾರುಕಟ್ಟೆಯ ತರಕಾರಿ ವ್ಯಾಪಾರಿ ಅಹ್ಮದ್ ಪಾಷಾ ಸೇರಿದರು. ಮೊದಲ ದಿನವೇ ಹತ್ತಕ್ಕೆ ಹತ್ತು.

"ಏನ್ ಸಾಹೇಬ್ರೆ, ಒಂದೇ ದಿನಕ್ಕೆ ಯೋಗಿ ಆಗ್ಬಿಟ್ರಾ?"

"ಯೋಗ ಅಲ್ಲಮ್ಮ, ನಮ್ಮ ಅಂಗಡಿ ಸಾಲು. ಬೀನ್ಸ್, ಕ್ಯಾರೆಟ್, ನೂಕೋಲು... ನಾವು ಜೋಡ್ಸಿರೋ ಹಾಗೇ ಹೇಳ್ತೀರಲ್ಲ."

ದಿನವೂ ಮಾರುಕಟ್ಟೆಗೆ ಹೋಗುವ ಯಶೋದಮ್ಮ ತಮಗೇ ತಿಳಿಯದೆ ಆ ಸಾಲನ್ನೇ ಒಪ್ಪಿಸುತ್ತಿದ್ದರು. ಕೇಳುವವರೂ ಅಲ್ಲೇ ಚೀಲ ಹಿಡಿದು ನಡೆದವರು; ಅಂಕ ಏರಿದ್ದು ಆ ಸಾಲಿನ ರೂಢಿಯಿಂದ. ಅಂದೇ ಯಶೋದಮ್ಮ ನೋಟ್‌ಬುಕ್ಕಿನಲ್ಲಿ ಬರೆದರು: 'ಇಲ್ಲಿವರೆಗಿನದು ನಂಬಬೇಡಿ. ತಪ್ಪು ನನ್ನದು.' ದಿನಕ್ಕೊಂದು ಪಟ್ಟಿ ಮಾಡಿ ಮತ್ತೆ ಶುರುಮಾಡಿದರು. ಹನ್ನೆರಡು ಮಂದಿ ಚೂರು ಏರಿದರು, ಹದಿನಾಲ್ಕು ಮಂದಿ ಇದ್ದಲ್ಲೇ ಇದ್ದರು, ಐವರು ಇಳಿದರು. ಎಪ್ಪತ್ತೊಂದರ ಆಂಜನಮ್ಮ ಆರರಿಂದ ಎರಡಕ್ಕೆ.

ಊರಿನ ಒಂದು ಯೋಗ ಕೇಂದ್ರದವರು ಬಂದು, ಬೆನ್ನು ತಟ್ಟಿ, ಮೊದಲ ವರ್ಷದ ಪುಟಗಳನ್ನಷ್ಟೇ ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಕರಪತ್ರ ಬಂತು: 'ಯೋಗದಿಂದ ನೆನಪು ದುಪ್ಪಟ್ಟು!' ಇದಕ್ಕೆ ಕಳ್ಳತನವೆನ್ನದೆ ಬೇರೆ ಹೆಸರು ನನಗೆ ಹೊಳೆಯುತ್ತಿಲ್ಲ. ಕೇಳಲು ಹೋದ ಯಶೋದಮ್ಮನಿಗೆ ಸಿಕ್ಕ ಉತ್ತರ: "ನೆಗೆಟಿವ್ ಎಲ್ಲ ಯಾಕಮ್ಮ?"

"ಗಮನ ನಿಲ್ಲುತ್ತೆ, ಒಪ್ತೀನಿ. ಮಧ್ಯೆ ಮಧ್ಯೆ ಫೋನ್ ನೋಡೋರು ಈಗ ಸುಮ್ನೆ ಕೂರ್ತಾರೆ. ಮರೆವಿಗೆ ಇದೇ ಔಷಧಿ ಅಂತ ನಾನ್ಯಾವತ್ತು ಹೇಳಿದೆ? ಇಳಿದೋರು ಐದು ಜನಾನೂ ದಿನಾ ಬೆಳಿಗ್ಗೆ ಎದ್ದು ಬರ್ಲಿಲ್ವಾ, ಅವ್ರ ಲೆಕ್ಕ ಯಾಕಿಲ್ಲ?" ಯಶೋದಮ್ಮ ಇದನ್ನು ಕೇಳುವುದು ಸಿಟ್ಟಿನಲ್ಲೇ.

ಆ ಕರಪತ್ರ ನಂಬಿ ಆಂಜನಮ್ಮನ ಮಗ ಆನಂದ್ ತಾಯಿಯನ್ನು ಆಸ್ಪತ್ರೆಗೆ ತೋರಿಸುವುದನ್ನು ಆರು ತಿಂಗಳು ಮುಂದೂಡಿದ್ದರು. ಹೋದ ವಾರ ಆಕೆ ಪಾರ್ಕಿನಿಂದ ಎರಡೇ ಬೀದಿ ಆಚೆಯ ತಮ್ಮ ಮನೆಗೆ ಹೋಗುವ ದಾರಿ ತಪ್ಪಿದರು. ಯಶೋದಮ್ಮ ನೋಟ್‌ಬುಕ್ ಹಿಡಿದು ಅವರ ಬಾಗಿಲಿಗೇ ಹೋಗಿದ್ದಾರೆ. "ಆನಂದಾ, ಆ ಪೇಪರ್ ಕಿತ್ತಾಕು. ತಪ್ಪು ಲೆಕ್ಕ ನಂದೇ. ನಾಳೇನೇ ಡಾಕ್ಟ್ರ ಹತ್ರ ಕರ್ಕೊಂಡೋಗು, ನಾನೂ ಬರ್ತೀನಿ." ಮೂವರೂ ಹೋಗಿ ಬಂದಿದ್ದಾರೆ, ಚಿಕಿತ್ಸೆ ಶುರುವಾಗಿದೆ.

ಇನ್ನೇನು ಆಸೆ ಎಂದು ಯಶೋದಮ್ಮನನ್ನು ಕೇಳಿದೆ.

"ಆ ಕೇಂದ್ರದೋರು ಇನ್ನೊಂದ್ಸಲ ಅಚ್ಚು ಹಾಕ್ಸೋದಾದ್ರೆ ಆಂಜನಮ್ಮಕ್ಕನ ಎರಡೂ ಹಾಕ್ಲಿ. ಬೀನ್ಸು, ಬದನೆಕಾಯಿ. ಅಷ್ಟು ಹೇಳೋಕೆ ಅಕ್ಕ ಪಟ್ಟ ಕಷ್ಟ ನನ್ನ ಕಿವಿಗೇ ಗೊತ್ತು."